ಹಳ್ಳಿಯಲ್ಲಿ ಪಿಎಚ್‌ಸಿ ಇದ್ದ ಮೇಲೆ ಆಶಾ ಕಾರ್ಯಕರ್ತೆ ಯಾಕೆ?

ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ), ಡಾಕ್ಟರು, ಆಂಬುಲೆನ್ಸ್ ಎಲ್ಲ ಇರುವಾಗ ಆಶಾಗಳು, ಅಂದರೆ ಊರಿನ ಆರೋಗ್ಯ ಕಾರ್ಯಕರ್ತೆಯರು, ಮಾಡುವುದಾದರೂ ಏನು ಅಂತ ಕೇಳಿದ್ದೀರಿ. ನನ್ನ ಅತ್ತಿಗೆಯೇ ನಮ್ಮೂರಿನ ಆಶಾ. ಹಾಗಾಗಿ ಮಾತು ಸ್ವಲ್ಪ ಅವರ ಕಡೆಗೇ ವಾಲಬಹುದು.

ಡಾಕ್ಟರು ಆಸ್ಪತ್ರೆಗೆ ಬಂದವರನ್ನು ನೋಡುತ್ತಾರೆ. ಬರದೇ ಇರುವವರ ಲೆಕ್ಕ ಆಶಾ ಹತ್ತಿರ ಇರುತ್ತದೆ. ಯಾರ ಮನೆ ಸೊಸೆ ಬಸುರಿ, ಯಾರು ಟಿಬಿ ಮಾತ್ರೆ ಅರ್ಧಕ್ಕೆ ಬಿಟ್ಟಿದ್ದಾರೆ, ತವರಿಗೆ ಬಂದ ಬಾಣಂತಿಯ ಮಗುವಿಗೆ ಚುಚ್ಚುಮದ್ದು ಆಯ್ತಾ ಇಲ್ವಾ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಸುಮಾರು 1,000 ಜನಕ್ಕೆ ಒಬ್ಬರು, ಅದೂ ಅದೇ ಊರಿನ ಹೆಣ್ಣುಮಗಳೇ ಇರಬೇಕು ಅಂತ ಇಟ್ಟಿದ್ದು ಇದಕ್ಕೇ. ಹೊರಗಿನವರ ಮುಂದೆ ಇದನ್ನೆಲ್ಲ ಯಾರು ಬಾಯಿ ಬಿಡ್ತಾರೆ ಹೇಳಿ?

ಬಾಣಂತಿ ಮನೆಯ ಕೆಲಸವನ್ನೇ ನೋಡಿ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28, 42ನೇ ದಿನ ಮನೆಗೆ ಹೋಗಬೇಕು. ಕೈ ತೊಳೆದುಕೊಂಡು ಮಗುವಿನ ತೂಕ ನೋಡುತ್ತಾರೆ. ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತಾರೆ. ಆಮೇಲೆ ಬಟ್ಟೆ ಸರಿಸಿ, ಪೂರ್ತಿ ಒಂದು ನಿಮಿಷ ಗಡಿಯಾರ ನೋಡುತ್ತಾ ಉಸಿರು ಎಣಿಸುತ್ತಾರೆ. 60 ಮುಟ್ಟಿದರೆ ಮತ್ತೊಮ್ಮೆ ಎಣಿಸಿ, ಆಗಲೂ ಅಷ್ಟೇ ಇದ್ದರೆ ತಡ ಮಾಡದೆ ಆಸ್ಪತ್ರೆಗೆ ಕಳಿಸಬೇಕು.

ಎಣಿಸುವುದು ಸುಲಭ, ಅಜ್ಜಿಯನ್ನು ಒಪ್ಪಿಸುವುದೇ ಕಷ್ಟ. ತೂಕ ಕಡಿಮೆ ಇರುವ ಕೂಸಿಗೆ ಈಗಲೇ ನೀರು ಎರೆದು ಸ್ನಾನ ಮಾಡಿಸಬೇಡಿ ಅಂದರೆ, “ನಾನೇನು ಮಕ್ಕಳನ್ನ ಹೆತ್ತಿಲ್ವಾ?” ಅಂತ ಗದರುತ್ತಾರೆ. ಅತ್ತಿಗೆ ವಾದಕ್ಕೆ ಇಳಿಯುವುದಿಲ್ಲ. “ನಿಮ್ಮಷ್ಟು ನಂಗೆಲ್ಲಿ ಗೊತ್ತು ದೊಡ್ಡಮ್ಮಾ? ಇದು ಸಣ್ಣ ಕೂಸಲ್ವಾ, ತೂಕ ಬರೋವರೆಗೆ ಬೆಚ್ಚಗೆ ಸುತ್ತಿಡಿ, ಸಾಕು” ಅಂತ ಅಲ್ಲೇ ಕೂತು ಕಾಫಿ ಕುಡಿದು, ಅವರು ಹೂಂ ಅಂದ ಮೇಲೆಯೇ ಏಳುತ್ತಾರೆ.

ಈ ಎಲ್ಲ ಭೇಟಿಗೂ ಸೇರಿ ಸಿಗುವುದು 250 ರೂಪಾಯಿ. ಕೂತು ಒಪ್ಪಿಸಿದ ಹೊತ್ತಿಗೆ ಫಾರಂನಲ್ಲಿ ಕಾಲಂ ಇಲ್ಲ. ನನ್ನ ತಕರಾರು ಇಲ್ಲೇ. ಸರ್ಕಾರದ ಲೆಕ್ಕದಲ್ಲಿ ಇವರು ಸ್ವಯಂಸೇವಕಿಯರು, ಸಂಬಳವಿಲ್ಲ. ರಾಜ್ಯದಿಂದ ಒಂದಿಷ್ಟು ಗೌರವಧನ, ಉಳಿದದ್ದು ಒಂದೊಂದು ಕೆಲಸಕ್ಕೆ ಇಷ್ಟಿಷ್ಟು ಅಂತ ಪ್ರೋತ್ಸಾಹಧನ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು, ಸಂತೋಷ. ಆದರೆ 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಧರಣಿ ಕೂತ ಮೇಲೆಯೇ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿದ್ದು. ಮಾಡಿದ ಕೆಲಸ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ಎಂಟ್ರಿ ಆಗದಿದ್ದರೆ ಅದರ ದುಡ್ಡೂ ಕೈಗೆ ಬರಲ್ಲ ಅನ್ನುವುದು ಅವರ ಇನ್ನೊಂದು ದೂರು.