ಉಪ್ಪಿನ ಇಟ್ಟಿಗೆ ಬೇಡ, ಕ್ಯಾಮೆರಾ ಕಟ್ಟಿ

ನಮ್ಮ ಗುಂಪಿನಲ್ಲಿ ತೀರ್ಥಹಳ್ಳಿ ಕಡೆಯ ಮಿತ್ರರು ಕೇಳಿದ ಪ್ರಶ್ನೆ ಇದು: ತೋಟದ ಮೇಲಿನ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಸಂಜೆ ಹೊತ್ತು ಜಿಂಕೆ, ಕಾಡುಕುರಿ (ಬೊಗಳುವ ಜಿಂಕೆ) ಕಾಣಿಸುತ್ತವೆ. ಅಮೆರಿಕದವರು ವಿಡಿಯೊಗಳಲ್ಲಿ ತೋರಿಸುವ ಹಾಗೆ ಪ್ರಾಣಿಗಳು ನೆಕ್ಕುವ ಉಪ್ಪು, ಖನಿಜದ ಇಟ್ಟಿಗೆ ಇಟ್ಟು, ಎದುರಿಗೊಂದು ಟ್ರೇಲ್ ಕ್ಯಾಮೆರಾ (ಪ್ರಾಣಿ ಹಾದಾಗ ತಾನೇ ಕ್ಲಿಕ್ಕಿಸುವಂಥದ್ದು) ಕಟ್ಟಬಹುದೇ? ಯಾವ ಇಟ್ಟಿಗೆ, ಯಾವ ಕ್ಯಾಮೆರಾ? ಈಗಾಗಲೇ ಕೆಲವರು ಇಟ್ಟಿಗೆಯ ದರವನ್ನೂ ಹೇಳಿಬಿಟ್ಟಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇಟ್ಟಿಗೆ ಬೇಡವೇ ಬೇಡ; ಕ್ಯಾಮೆರಾ ಖಂಡಿತ ಕಟ್ಟಿ.

ಇಟ್ಟಿಗೆ ಇಟ್ಟರೆ ಜಿಂಕೆ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಬರುತ್ತದೆ, ತೊಂದರೆ ಇರುವುದೂ ಅಲ್ಲೇ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮೀರಿ ಸುರಿಯುವ ಮಳೆ ನಮ್ಮ ಮಣ್ಣಿನ ಸೋಡಿಯಂ, ಕ್ಯಾಲ್ಸಿಯಂಗಳನ್ನು ತೊಳೆದುಕೊಂಡು ಹೋಗಿರುತ್ತದೆ. ಎಳೆ ಹುಲ್ಲಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಅದನ್ನೇ ಮೇಯುವ ಪ್ರಾಣಿಗೆ ಉಪ್ಪಿನ ಹಸಿವು ಸಹಜ. ಗಂಡು ಕಡವೆ, ಜಿಂಕೆಗಳು ಉದುರಿದ ಕೊಂಬನ್ನು ಮತ್ತೆ ಬೆಳೆಸಿಕೊಳ್ಳಬೇಕು. ಅದಕ್ಕೆ ಕ್ಯಾಲ್ಸಿಯಂ, ರಂಜಕ ಸಾಲದಿದ್ದರೆ ತಮ್ಮ ಮೂಳೆಗಳಿಂದಲೇ ಎಳೆದುಕೊಳ್ಳುತ್ತವೆ. ಹೀಗಿರುವಾಗ ತೋಟದ ಅಂಚಿಗೆ ಉಪ್ಪು ಇಟ್ಟರೆ ಅವು ದಿನವೂ ಬಂದು ನಿಲ್ಲುತ್ತವೆ. ಉಪ್ಪು ನೆಕ್ಕಿ ಸುಮ್ಮನೆ ಹಿಂದಿರುಗುತ್ತವೆಯೇ? ಪಕ್ಕದ ಅಡಿಕೆ ಸಸಿ, ಬಾಳೆ ಕಂದು ಯಾರಿಗೆ? ಜಿಂಕೆಯ ಹಿಂದೆ ಚಿರತೆಯೂ ಬಂದರೆ ಕೊಟ್ಟಿಗೆಯ ಕರುವಿನ ಗತಿ?

ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬುದರ ವ್ಯಾಖ್ಯೆಯೊಳಗೆ ಕಾಡುಪ್ರಾಣಿಗೆ ಆಮಿಷ ಒಡ್ಡುವುದೂ ಸೇರಿದೆ. ಸ್ವಂತ ಜಮೀನು ಎಂದಾಕ್ಷಣ ಕಾಯ್ದೆ ಅನ್ವಯಿಸದೆ ಹೋಗುವುದಿಲ್ಲ. ‘ಫೋಟೊಕ್ಕಾಗಿ ಇಟ್ಟಿದ್ದು ಸ್ವಾಮಿ’ ಎಂದು ಅರಣ್ಯ ಕಚೇರಿಯ ಬೆಂಚಿನ ಮೇಲೆ ಕುಳಿತು ವಿವರಿಸುವ ಉಸಾಬರಿ ಯಾಕೆ ಮಾರಾಯರೇ? ಅಮೆರಿಕದಲ್ಲಿ ಪರವಾನಗಿ ಪಡೆದು ಜಿಂಕೆ ಹೊಡೆಯುವ ಋತುವಿದೆ, ಆ ವಿಡಿಯೊಗಳೆಲ್ಲ ಅದರ ತಯಾರಿ. ಅಲ್ಲೂ ಹಲವು ರಾಜ್ಯಗಳು ಉಪ್ಪು, ಖನಿಜ ಇಡುವುದನ್ನು ನಿಷೇಧಿಸಿವೆ ಅಥವಾ ಅದಕ್ಕೆ ಮಿತಿ ಹಾಕಿವೆ. ಜಿಂಕೆಗಳ ಮಿದುಳನ್ನು ಹಾಳುಮಾಡುವ, ಮದ್ದಿಲ್ಲದ ಒಂದು ರೋಗ ಅಲ್ಲಿ ಹರಡುತ್ತಿದೆ. ಅದರ ಸೋಂಕು ಜೊಲ್ಲು, ಮೂತ್ರದ ಮೂಲಕ ಮಣ್ಣಿಗೆ ಸೇರಿ ವರ್ಷಗಟ್ಟಲೆ ಉಳಿಯುತ್ತದೆ. ಎಲ್ಲ ಜಿಂಕೆಗಳೂ ಒಂದೇ ಕಡೆ ನಾಲಿಗೆ ಹಾಕಿದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲಿ ಕಾಲುಬಾಯಿ ಜ್ವರ ಇದೆ. ಬೇಣಕ್ಕೆ ಬಿಟ್ಟ ದನಗಳೂ ಅದೇ ಇಟ್ಟಿಗೆಯನ್ನು ನೆಕ್ಕುತ್ತವೆ, ರೋಗ ಎರಡೂ ಕಡೆಗೆ ದಾಟಬಹುದು. ಮಂಗನ ಕಾಯಿಲೆಯ ಊರು ನಮ್ಮದು. 1957ರಲ್ಲಿ ಅದು ಮೊದಲು ಪತ್ತೆಯಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ಬಲಿತ ಮೇಲೆ ದನದಂಥ ದೊಡ್ಡ ಪ್ರಾಣಿಯ ರಕ್ತ ಕುಡಿದು, ನೆಲಕ್ಕೆ ಉದುರಿ ಮೊಟ್ಟೆಯಿಡುತ್ತದೆ. ಸೊಪ್ಪು ತರಲು ಹೋಗುವ ದಾರಿಯ ಪಕ್ಕದಲ್ಲೇ ದನ, ಕಡವೆಗಳನ್ನು ನಾವೇ ಗುಂಪುಗೂಡಿಸುವುದು ಜಾಣತನವಲ್ಲ. ಯೂರಿಯಾ, ಕಾಕಂಬಿ ಸೇರಿಸಿದ ಇಟ್ಟಿಗೆಗಳಂತೂ ಕೊಟ್ಟಿಗೆಯ ಹಸುವಿಗೂ ಅಳತೆ ನೋಡಿ ಕೊಡುವಂಥವು. ಖನಿಜ ಮಿಶ್ರಣ ತಂದಿದ್ದರೆ ಹಿಂಡಿಯಲ್ಲಿ ಕಲಸಿ ಹಸುವಿಗೆ ಹಾಕಿ, ಹಾಲಾದರೂ ಹೆಚ್ಚೀತು.

ಹಾಗಾದರೆ ಕ್ಯಾಮೆರಾದ ಮುಂದೆ ಜಿಂಕೆ ಬರುವುದು ಹೇಗೆ? ಅವು ಈಗಾಗಲೇ ಬರುವ ಜಾಗಕ್ಕೆ ಕ್ಯಾಮೆರಾ ಹೋಗಬೇಕು. ತೋಟದ ಅಗಳು (ಕಂದಕ) ಕುಸಿದು ಇಳಿಜಾರಾದ ಕಡೆ ಗೊರಸಿನ ಗುರುತು ನೋಡಿ. ಬೇಸಿಗೆಯಲ್ಲಿ ಬತ್ತದ ಹಳ್ಳದ ಗುಂಡಿ ನೋಡಿ. ಚಳಿಗಾಲದಲ್ಲಾದರೆ ನೆಲ್ಲಿ ಮರದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಜಿಂಕೆ, ಕಾಡುಕುರಿಗಳು ಉದುರಿದ ನೆಲ್ಲಿಕಾಯನ್ನು ಇಡಿಯಾಗಿ ನುಂಗಿ, ಆಮೇಲೆ ಮೆಲುಕು ಹಾಕುವಾಗ ಬೀಜವನ್ನು ಉಗಿಯುತ್ತವೆ. ಮರದಿಂದ ಸ್ವಲ್ಪ ದೂರದ ಪೊದೆಯ ನೆರಳಿನಲ್ಲಿ ಹುಲ್ಲು ಚಪ್ಪಟೆಯಾಗಿ, ಏಣು ಏಣಾದ ಗಟ್ಟಿ ಬೀಜಗಳು ಒಂದೇ ಕಡೆ ಸ್ವಚ್ಛವಾಗಿ ಬಿದ್ದಿದ್ದರೆ ಅದು ಅವುಗಳ ವಿಶ್ರಾಂತಿಯ ತಾಣ. ಅಲ್ಲಿ ಗದ್ದಲ ಮಾಡದೆ, ಮರಕ್ಕೂ ಆ ತಾಣಕ್ಕೂ ನಡುವಿನ ಕಾಲುದಾರಿಯಲ್ಲಿ ಕ್ಯಾಮೆರಾ ಕಟ್ಟಿ.

ಕಟ್ಟುವುದಕ್ಕೆ ಅಡಿಕೆ ಮರ ಬೇಡ. ಗಾಳಿಗೆ ಅದು ತೂಗಿದಾಗಲೆಲ್ಲ ಕ್ಯಾಮೆರಾ ಕ್ಲಿಕ್ಕಿಸಿ, ಕಾರ್ಡ್ ತುಂಬ ಹುಲ್ಲಿನ ಚಿತ್ರಗಳೇ ಸಿಗುತ್ತವೆ. ಮತ್ತಿ, ಹಲಸಿನಂಥ ದಪ್ಪ ಮರ ಆರಿಸಿ. ಜಿಂಕೆಗೆ ನೆಲದಿಂದ ಎರಡು, ಎರಡೂವರೆ ಅಡಿ ಎತ್ತರ ಸರಿ. ಮೊಲದ ಗಾತ್ರದ ಬರ್ಕದ ಆಸೆಯಿದ್ದರೆ ಒಂದಡಿಗೆ ಇಳಿಸಿ. ದಾರಿಯಿಂದ ಹತ್ತು ಹನ್ನೆರಡು ಅಡಿ ದೂರ ಸಾಕು. ದಾರಿಗೆ ನೇರ ಅಡ್ಡಲಾಗಿ ಇಟ್ಟರೆ ಪ್ರಾಣಿಯ ಬಾಲ ಮಾತ್ರ ಸಿಗುತ್ತದೆ, ಸ್ವಲ್ಪ ಓರೆಯಾಗಿ ತಿರುಗಿಸಿ. ಮಸೂರ ಉತ್ತರಕ್ಕೆ ಮುಖ ಮಾಡಿದ್ದರೆ ಬೆಳಗಿನ, ಸಂಜೆಯ ಬಿಸಿಲು ಹೊಡೆಯುವುದಿಲ್ಲ. ಎದುರಿನ ಹುಲ್ಲು, ಜೋತಾಡುವ ಬಳ್ಳಿ ಸವರಿಬಿಡಿ.

ಕೊಳ್ಳುವಾಗ ಮೆಗಾಪಿಕ್ಸೆಲ್ ಸಂಖ್ಯೆಗೆ ಮರುಳಾಗಬೇಡಿ. ಎಷ್ಟು ಬೇಗ ಕ್ಲಿಕ್ಕಿಸುತ್ತದೆ, ನೀರು ಒಳಗೆ ಹೋಗದಂತೆ ರಬ್ಬರ್ ಪಟ್ಟಿ ಗಟ್ಟಿಯಿದೆಯೇ, ಅದನ್ನು ನೋಡಿ. ರಾತ್ರಿ ಚಿತ್ರಕ್ಕೆ ಕ್ಯಾಮೆರಾ ಚೆಲ್ಲುವ ಅವಗೆಂಪು ಬೆಳಕಿನಲ್ಲಿ 850 ನ್ಯಾನೋಮೀಟರ್ ತರಂಗದ್ದು ದೂರ ಕಾಣಿಸುತ್ತದೆ, ಆದರೆ ಮಂದವಾದ ಕೆಂಪು ಚುಕ್ಕೆ ಹೊಳೆಯುತ್ತದೆ. 940ರದ್ದು ಹೊಳೆಯುವುದಿಲ್ಲ, ದೂರ ಮಾತ್ರ ಕಡಿಮೆ. ಕಳ್ಳರ ಕಣ್ಣಿಗೆ ಬೀಳಬಾರದು ಎನ್ನುವವರಿಗೆ ಎರಡನೆಯದೇ ವಾಸಿ. ಸಂವೇದಕ ಕೆಲಸ ಮಾಡುವುದು ಪ್ರಾಣಿಯ ಮೈ ಮತ್ತು ಹಿನ್ನೆಲೆಯ ಶಾಖದ ವ್ಯತ್ಯಾಸದಿಂದ. ಹಾಗಾಗಿ ಏಪ್ರಿಲ್ ಮಧ್ಯಾಹ್ನ ನೆಲ ಕಾದಿರುವಾಗ ಕೆಲವು ಪ್ರಾಣಿಗಳು ತಪ್ಪಿಹೋಗುತ್ತವೆ, ಅದು ಕ್ಯಾಮೆರಾದ ದೋಷವಲ್ಲ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಇರುವೆ ಗೂಡು ಕಟ್ಟುವುದು ಖಚಿತ, ಪ್ರತಿ ಸಲ ಬಾಗಿಲು ತೆರೆದಾಗ ಬಟ್ಟೆಯಿಂದ ಒರೆಸಿ. ಜೂನ್ ಹೊತ್ತಿಗೆ ಬಿಚ್ಚಿ ತಂದು ಬ್ಯಾಟರಿ ತೆಗೆದಿಡಿ.

ಇನ್ನು ಲೆಕ್ಕ. ನಲವತ್ತು ಚಿತ್ರ ಬಂದರೆ ನಲವತ್ತು ಜಿಂಕೆ ಎಂದು ಬರೆದುಕೊಳ್ಳಬೇಡಿ. ಅರ್ಧ ಗಂಟೆಯೊಳಗಿನ ಒಂದೇ ಜಾತಿಯ ಚಿತ್ರಗಳನ್ನು ಒಂದು ಭೇಟಿ ಎಂದು ಎಣಿಸುವುದು ರೂಢಿ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾದಿಂದ ಹುಲಿ ಎಣಿಸಲು ಸಾಧ್ಯವಾದದ್ದು ಪ್ರತಿ ಹುಲಿಯ ಪಟ್ಟೆಯೂ ಬೇರೆಯಾದ್ದರಿಂದ. ಕಡವೆಯ ಮೈಯಲ್ಲಿ ಅಂಥ ಗುರುತಿಲ್ಲ. ನಮಗೆ ಭೇಟಿಯ ಹೊತ್ತು, ಮರಿ ಜೊತೆಗಿದೆಯೇ, ಕೊಂಬು ಉದುರಿದೆಯೇ ಎಂಬ ಟಿಪ್ಪಣಿ ಸಾಕು.

ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಕಾಡಾದ ಸೊಪ್ಪಿನಬೆಟ್ಟವನ್ನು ನಮ್ಮದೇ ಎನ್ನುವ ಅಭ್ಯಾಸ ನಮಗಿದೆ. ಅಲ್ಲಿ ನಮಗಿರುವುದು ಸೊಪ್ಪು, ದರಗು ತರುವ ಸವಲತ್ತು ಮಾತ್ರ. ಕ್ಯಾಮೆರಾ ಕಟ್ಟುವ ಮೊದಲು ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಿ. ಸ್ವಂತ ಜಾಗದಲ್ಲೂ ಹೆಂಗಸರು ಓಡಾಡುವ ದಾರಿ, ಹಳ್ಳದ ಸ್ನಾನದ ಗುಂಡಿಯತ್ತ ಮುಖ ಮಾಡಬೇಡಿ. ಚಿತ್ರದಲ್ಲಿ ಬಂದೂಕು, ಉರುಲು ಹಿಡಿದವರು ಕಂಡರೆ ಅದನ್ನು ಈ ಗುಂಪಿಗೆ ಹಾಕದೆ ಇಲಾಖೆಗೆ ಕೊಡಿ. ದೊಡ್ಡ ಕೊಂಬಿನ ಜಿಂಕೆಯ ಚಿತ್ರ ಹಾಕುವಾಗಲೂ ಜಾಗದ ಹೆಸರು ಹೇಳಬೇಡಿ.

ಸಾಗರದ ಸದಸ್ಯರು ಅಡಿಕೆ ಸಸಿ ತಿನ್ನುವುದು ಯಾರೆಂದು ಪತ್ತೆ ಮಾಡಲು ಇದೇ ಕ್ಯಾಮೆರಾ ಆದೀತೇ ಎಂದು ನಡುವೆ ಕೇಳಿದ್ದಾರೆ. ಆಗುತ್ತದೆ, ಆದರೆ ಮೊದಲು ಸಸಿಯನ್ನೇ ನೋಡಿ. ಜಿಂಕೆಗೆ ಮೇಲ್ದವಡೆಯ ಮುಂದಿನ ಹಲ್ಲಿಲ್ಲ, ಅದು ಎಲೆಯನ್ನು ಎಳೆದು ಹರಿಯುತ್ತದೆ, ತುದಿ ಚಿಂದಿಯಾಗಿರುತ್ತದೆ. ಕತ್ತಿಯಲ್ಲಿ ಕೊಯ್ದಂತೆ ಓರೆಯಾಗಿ ತುಂಡಾಗಿದ್ದರೆ ಮೊಲ. ಬುಡವನ್ನೇ ಕೆರೆದು ಕಡಿದಿದ್ದರೆ ಮುಳ್ಳುಹಂದಿ. ಮೊಲ, ಮುಳ್ಳುಹಂದಿಯ ಅನುಮಾನವಿದ್ದರೆ ಸಾಲಿನ ಕೊನೆಯಲ್ಲಿ ಗೂಟ ನೆಟ್ಟು, ಕ್ಯಾಮೆರಾವನ್ನು ಮೊಣಕಾಲಿಗಿಂತ ಕೆಳಗೆ ಕಟ್ಟಿ ನೋಡಿ.