ಬೇಟೆ ರೈಫಲ್‌ಗೆ ಎಂಥ ಸ್ಕೋಪ್? ಓದುಗರ ಪ್ರಶ್ನೆಗಳಿಗೆ ಉತ್ತರ

ಎಚ್‌-1ಬಿ ವೀಸಾದಲ್ಲಿ ಡಲ್ಲಾಸ್‌ನಲ್ಲಿದ್ದೇನೆ. ನವೆಂಬರಿನಲ್ಲಿ ಇಲ್ಲಿನ ಗೆಳೆಯರ ಜೊತೆ ಬಿಳಿಬಾಲದ ಜಿಂಕೆಯ ಬೇಟೆಗೆ ಹೋಗುವ ಆಸೆ. .308 ವಿಂಚೆಸ್ಟರ್ ಬೋಲ್ಟ್ ಆ್ಯಕ್ಷನ್ ರೈಫಲ್ ನೋಡಿಟ್ಟಿದ್ದೇನೆ. ಅಂಗಡಿಯವರು 4-16×50 ಸ್ಕೋಪ್ ತಗೊಳ್ಳಿ ಅಂತಾರೆ, ಗೆಳೆಯರು 3-9×40 ಸಾಕು ಅಂತಾರೆ. ಯಾರ ಮಾತು ಕೇಳಲಿ?
– ಓದುಗರು, ಡಲ್ಲಾಸ್

ಸ್ಕೋಪ್‌ಗಿಂತ ಮೊದಲು ಕಾಗದಪತ್ರ. ಎಚ್‌-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು, ಗುಂಡು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸನ್ಸ್ ಹೊಂದಿರುವವರಿಗೆ ವಿನಾಯಿತಿ ಇದೆ. ಹಾಗಾಗಿ ಲೈಸನ್ಸ್ ಮೊದಲು, ರೈಫಲ್ ಆಮೇಲೆ. ಲೈಸನ್ಸ್‌ನ ಅವಧಿ ಮುಗಿದ ದಿನ ಆ ವಿನಾಯಿತಿಯೂ ಮುಗಿಯುತ್ತದೆ, ಇದನ್ನು ಮರೆಯಬೇಡಿ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಾದರೆ ಟೆಕ್ಸಾಸ್‌ನಲ್ಲಿ ಬೇಟೆ ಶಿಕ್ಷಣದ ಕೋರ್ಸ್ ಕೂಡ ಮಾಡಬೇಕು.

ಈಗ ಸ್ಕೋಪ್. ಗೆಳೆಯರ ಮಾತೇ ಸರಿ. 3-9×40 ಅಂದರೆ 3ರಿಂದ 9 ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಮುಂದಿನ ಮಸೂರದ ಅಗಲ 40 ಮಿ.ಮೀ. ಜಿಂಕೆಯ ಎದೆಯಲ್ಲಿ ಗುಂಡು ಬೀಳಬೇಕಾದ ಜಾಗ ಸುಮಾರು 8 ಇಂಚು ಅಗಲ ಇರುತ್ತದೆ. ನೂರು, ನೂರೈವತ್ತು ಗಜದಲ್ಲಿ ಅಷ್ಟನ್ನು ಕಾಣಲು 6 ಪಟ್ಟು ಧಾರಾಳ. ಕಷ್ಟ ಶುರುವಾಗುವುದು ಜಿಂಕೆ ಮೂವತ್ತು ಗಜದಲ್ಲಿ ಪೊದೆ ಸರಿಸಿಕೊಂಡು ದಿಢೀರನೆ ಎದುರು ಬಂದಾಗ. 3 ಪಟ್ಟಿನಲ್ಲಿ ನೂರು ಗಜ ದೂರದಲ್ಲಿ ಸುಮಾರು 33 ಅಡಿ ಅಗಲದ ನೋಟ ಸಿಗುತ್ತದೆ, 9ರಲ್ಲಿ 14 ಅಡಿ. ಮೂವತ್ತು ಗಜಕ್ಕೆ ಇದರ ಮೂರನೇ ಒಂದು ಪಾಲೂ ಇಲ್ಲ. ಝೂಮ್ ಜಾಸ್ತಿ ಇಟ್ಟುಕೊಂಡು ಕೂತವರಿಗೆ ಆಗ ಕಾಣುವುದು ಬರೀ ಕಂದು ರೋಮ; ಭುಜ ಯಾವುದು, ತೊಡೆ ಯಾವುದು ತಿಳಿಯುವುದಿಲ್ಲ. ನಡೆಯುವಾಗ, ಕಾಯುವಾಗ ಝೂಮ್ ಯಾವಾಗಲೂ 3 ಅಥವಾ 4ರಲ್ಲೇ ಇರಲಿ. ಹೆಚ್ಚಿಸಲು ಸಮಯ ಸಿಕ್ಕೇ ಸಿಗುತ್ತದೆ, ತಗ್ಗಿಸಲು ಸಿಗುವುದಿಲ್ಲ.

50 ಮಿ.ಮೀ. ಮಸೂರಕ್ಕೆ ಎತ್ತರದ ರಿಂಗ್ (ಸ್ಕೋಪನ್ನು ರೈಫಲ್ ಮೇಲೆ ಹಿಡಿದಿಡುವ ಬಳೆ) ಬೇಕು. ಆಗ ಕೆನ್ನೆ ಸ್ಟಾಕಿನ (ರೈಫಲ್‌ನ ಹೆಗಲಿಗೊತ್ತುವ ಹಿಂಭಾಗದ) ಮೇಲೆ ಗಟ್ಟಿಯಾಗಿ ಕೂರುವುದಿಲ್ಲ, ತಲೆ ಗಾಳಿಯಲ್ಲಿ ತೇಲುತ್ತದೆ, ಪ್ರತಿ ಸಲ ಕಣ್ಣು ಬೇರೆ ಜಾಗಕ್ಕೆ ಬರುತ್ತದೆ. ತೂಕವೂ ಏರುತ್ತದೆ. ಉಳಿದ ದುಡ್ಡನ್ನು ಒಳ್ಳೆಯ ಗಾಜಿಗೆ, ಒಳ್ಳೆಯ ರಿಂಗ್‌ಗೆ ಹಾಕಿ.

ರೆಟಿಕಲ್ (ಸ್ಕೋಪ್‌ನೊಳಗೆ ಕಾಣುವ ಗುರಿ ಗೆರೆ) ಎರಡನೇ ಫೋಕಲ್ ಪ್ಲೇನ್‌ನದ್ದೇ, ಅಂದರೆ ಝೂಮ್ ಬದಲಾದರೂ ಗೆರೆಯ ದಪ್ಪ ಬದಲಾಗದ್ದೇ ಇರಲಿ, ಹೊರಗೆ ದಪ್ಪ, ನಡುವೆ ತೆಳುವಾಗುವ ಸಾದಾ ಡ್ಯೂಪ್ಲೆಕ್ಸ್. ಮೊದಲನೇ ಫೋಕಲ್ ಪ್ಲೇನ್‌ನಲ್ಲಿ ಝೂಮ್ ತಗ್ಗಿಸಿದಂತೆ ಗೆರೆಯೂ ಕೂದಲಿನಷ್ಟು ತೆಳುವಾಗಿ, ಪೊದೆಯ ಕಡ್ಡಿಗಳ ನಡುವೆ ಕಳೆದುಹೋಗುತ್ತದೆ. ದೂರಕ್ಕೊಂದು ಗುರುತು ಇರುವ ರೆಟಿಕಲ್ ಕೊಂಡರೆ ಒಂದು ಎಚ್ಚರ: ಎರಡನೇ ಫೋಕಲ್ ಪ್ಲೇನ್‌ನಲ್ಲಿ ಆ ಗುರುತುಗಳು ತಯಾರಕರು ಹೇಳಿದ ಒಂದೇ ಝೂಮ್‌ನಲ್ಲಿ, ಸಾಮಾನ್ಯವಾಗಿ ಗರಿಷ್ಠದಲ್ಲಿ, ಮಾತ್ರ ಸರಿ. 5ರಲ್ಲಿಟ್ಟು 300 ಗಜದ ಗುರುತು ಹಿಡಿದರೆ ಗುಂಡು ಜಿಂಕೆಯ ಬೆನ್ನ ಮೇಲಿಂದ ಹಾರಿಹೋಗುತ್ತದೆ.

ಸಂಜೆ ಕೊನೆಯ ಅರ್ಧ ಗಂಟೆಯಲ್ಲೇ ಜಿಂಕೆ ಹೊರಬರುತ್ತದೆ, ಆಗಲೇ ನನ್ನ 12 ಪಟ್ಟಿನ ಸ್ಕೋಪ್ ಕತ್ತಲಾಗುತ್ತದೆ. 56 ಮಿ.ಮೀ. ತಗೊಳ್ಳಲೇ?
– ಓದುಗರು, ಮಿನ್ನೆಸೋಟ

ಮೊದಲು ಝೂಮ್ ಇಳಿಸಿ ನೋಡಿ. ಮುಂದಿನ ಮಸೂರದ ಅಗಲವನ್ನು ಝೂಮ್‌ನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಳತೆ ಸಿಗುತ್ತದೆ. 50 ಮಿ.ಮೀ. ಸ್ಕೋಪ್ 12ರಲ್ಲಿ ಕೊಡುವುದು 4.2 ಮಿ.ಮೀ.; 40 ಮಿ.ಮೀ.ಯದ್ದು 6ರಲ್ಲಿ 6.7 ಮಿ.ಮೀ. ಮಬ್ಬಿನಲ್ಲಿ ಯುವಕರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ತೆರೆಯುತ್ತದೆ, ವಯಸ್ಸಾದಂತೆ 5ಕ್ಕೆ ಇಳಿಯುತ್ತದೆ. ಐವತ್ತು ದಾಟಿದ್ದರೆ, ಝೂಮ್ ಇಳಿಸಿದಾಗ 56 ಮಿ.ಮೀ. ಕೊಡುವ ಹೆಚ್ಚುವರಿ ಬೆಳಕು ನಿಮ್ಮ ಕಣ್ಣಿನೊಳಗೆ ಹೋಗುವುದೇ ಇಲ್ಲ. ಜರ್ಮನಿಯಲ್ಲಿ ಎತ್ತರದ ಮಂಚಿಕೆಯ ಮೇಲೆ ಕೂತು ಬೆಳದಿಂಗಳಲ್ಲಿ ಕಾಡುಹಂದಿ ಕಾಯುವವರು 8×56 ಇಷ್ಟಪಡುವುದಕ್ಕೆ ಕಾರಣ ಇದೆ, ಅದು ಸರಿಯಾಗಿ 7 ಮಿ.ಮೀ. ಕೊಡುತ್ತದೆ. ನಿಮ್ಮದು ಆ ಬೇಟೆಯಲ್ಲ.

ಗಾಜನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಪರೀಕ್ಷಿಸಬೇಡಿ, ಅಲ್ಲಿ ಎಲ್ಲವೂ ಚಂದ. ಸಂಜೆ ಹೋಗಿ, ಬಾಗಿಲಾಚೆ ನೆರಳಿರುವ ಮೂಲೆಯನ್ನು ಎರಡು ಸ್ಕೋಪ್‌ಗಳಲ್ಲಿ ಒಂದೇ ಝೂಮ್‌ಗಿಟ್ಟು ನೋಡಿ. ವ್ಯತ್ಯಾಸ ಅಲ್ಲಿ ತಿಳಿಯುತ್ತದೆ.

ಹೊಸ ಸ್ಕೋಪ್ ನಾನೇ ಕೂರಿಸಿದೆ. ಗುಂಡು ಒಮ್ಮೆ ಎಡಕ್ಕೆ, ಒಮ್ಮೆ ಮೇಲೆ ಬೀಳುತ್ತದೆ. ಸ್ಕೋಪೇ ಕೆಟ್ಟದ್ದೇ?
– ಓದುಗರು, ಆಲ್ಬರ್ಟಾ, ಕೆನಡಾ

ಇರಬಹುದು, ಆದರೆ ಹೆಚ್ಚಿನ ಸಲ ತಪ್ಪು ಸ್ಕ್ರೂಗಳಲ್ಲಿರುತ್ತದೆ. ಪೂರ್ತಿ ಬಿಚ್ಚಿ ಮತ್ತೆ ಕೂರಿಸಿ.

ಬೇಸ್‌ನ (ರೈಫಲ್ ಮೇಲೆ ಕೂತು ರಿಂಗ್‌ಗಳನ್ನು ಹೊರುವ ಪಟ್ಟಿಯ) ಸ್ಕ್ರೂ, ಅದರ ತೂತು ಎರಡರ ಎಣ್ಣೆಯನ್ನೂ ಆಲ್ಕೋಹಾಲ್‌ನಿಂದ ಒರೆಸಿ. ಬೇಸ್ ಸ್ಕ್ರೂಗೆ ನೀಲಿ ಲಾಕಿಂಗ್ ದ್ರವ ಒಂದು ಹನಿ ಸಾಕು. ರಿಂಗ್‌ನ ಸ್ಕ್ರೂಗೆ ಹಾಕಬೇಡಿ; ಹಸಿ ಇದ್ದಾಗ ಅದು ಎಣ್ಣೆಯಂತೆ ಜಾರಿಸುತ್ತದೆ, ಅದೇ ಟಾರ್ಕ್‌ಗೆ (ತಿರುಚುವ ಬಲಕ್ಕೆ) ಸ್ಕ್ರೂ ಹೆಚ್ಚು ಬಿಗಿದು ಟ್ಯೂಬ್ ನಲುಗುತ್ತದೆ. ರಿಂಗ್ ಅರ್ಧ ಬಿಗಿದು, ಝೂಮ್ ಗರಿಷ್ಠಕ್ಕೆ ತಂದು, ಬೇಟೆಯ ದಪ್ಪ ಕೋಟು ಹಾಕಿಕೊಂಡೇ, ಖಾಲಿ ರೈಫಲ್ಲನ್ನು ಕಣ್ಣು ಮುಚ್ಚಿ ಹೆಗಲಿಗೇರಿಸಿ. ಕಣ್ಣು ತೆರೆದಾಗ ಅಂಚಿನಲ್ಲಿ ಕಪ್ಪಿಲ್ಲದೆ ಪೂರ್ತಿ ಚಿತ್ರ ಕಾಣಬೇಕು. ಕಾಣದಿದ್ದರೆ ಸ್ಕೋಪನ್ನು ಹಿಂದೆ ಮುಂದೆ ಸರಿಸಿ. ಕಣ್ಣಿಗೂ ಸ್ಕೋಪಿಗೂ ಮೂರೂವರೆ ಇಂಚಾದರೂ ಅಂತರ ಬೇಕು; .300 ಮ್ಯಾಗ್ನಂನಂಥ ಜೋರಾಗಿ ಒದೆಯುವ ರೈಫಲ್‌ನಲ್ಲಿ ಅದಕ್ಕಿಂತ ಕಡಿಮೆಯಾದರೆ ಹುಬ್ಬು ಸೀಳುತ್ತದೆ. ದೂರದಲ್ಲಿ ತೂಗುಗುಂಡು ಕಟ್ಟಿದ ದಾರ ಇಳಿಬಿಟ್ಟು, ರೈಫಲ್ ಸಮನಾಗಿ ಕೂತಿರುವಾಗ ರೆಟಿಕಲ್‌ನ ನಿಂತ ಗೆರೆಯನ್ನು ಅದಕ್ಕೆ ಹೊಂದಿಸಿ. ಆಮೇಲೆ ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ರಿಂಗ್‌ನ ಎರಡೂ ಬದಿಯ ಸಂದು ಒಂದೇ ಸಮ ಇರಲಿ. ಬಹಳ ರಿಂಗ್‌ಗಳಿಗೆ 15ರಿಂದ 18 ಇಂಚು-ಪೌಂಡ್ ಸಾಕು, ಅಂದರೆ ಹೆಚ್ಚುಕಡಿಮೆ 2 ನ್ಯೂಟನ್-ಮೀಟರ್. ನಿಮ್ಮ ರಿಂಗ್‌ನ ಚೀಟಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ನಂಬಿ. ಟಾರ್ಕ್ ಡ್ರೈವರ್ ಇಲ್ಲದೆ ಅಂದಾಜಿನಲ್ಲಿ ಬಿಗಿಯುವವರೇ ಹೆಚ್ಚು ಸ್ಕೋಪ್ ಕೆಡಿಸುವುದು.

ಇನ್ನು ಗುರಿ ಕೂಡಿಸುವುದು. ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ತೆಗೆದು, ರೈಫಲ್ಲನ್ನು ಮರಳು ಚೀಲದ ಮೇಲಿಟ್ಟು, ನಳಿಗೆಯೊಳಗಿಂದ 25 ಗಜದ ಗುರಿಯನ್ನು ನಡುವಿಗೆ ತನ್ನಿ. ರೈಫಲ್ ಅಲುಗಿಸದೆ, ಸ್ಕೋಪ್‌ನ ತಿರುಪುಗಳನ್ನು ತಿರುಗಿಸಿ ರೆಟಿಕಲ್ಲನ್ನೂ ಅಲ್ಲಿಗೇ ತನ್ನಿ. ಬೋಲ್ಟ್ ಹಾಕಿ ಒಂದು ಗುಂಡು ಹೊಡೆಯಿರಿ. ಬಹಳ ಜನ ಎಡವುವುದು ಮುಂದಿನ ಲೆಕ್ಕದಲ್ಲಿ: ಎಂಒಎ ಎನ್ನುವುದು ನೂರು ಗಜದಲ್ಲಿ ಸುಮಾರು ಒಂದಿಂಚಾಗುವ ಕೋನದ ಅಳತೆ; ಆ ತಿರುಪಿನ ಒಂದು ಕಾಲು ಎಂಒಎ ಕ್ಲಿಕ್ ಅಂದರೆ ನೂರು ಗಜದಲ್ಲಿ ಕಾಲಿಂಚು, 25 ಗಜದಲ್ಲಿ ಇಂಚಿನ ಹದಿನಾರನೇ ಒಂದು ಪಾಲು. ಆದ್ದರಿಂದ 25 ಗಜದಲ್ಲಿ ಒಂದಿಂಚು ಸರಿಸಲು 4 ಅಲ್ಲ, 16 ಕ್ಲಿಕ್ ಬೇಕು. ಅಲ್ಲಿ ಗುಂಡು ಮುಕ್ಕಾಲು ಇಂಚು ಕೆಳಗೆ ಬಿದ್ದರೆ ನೂರು ಗಜದಲ್ಲಿ ಕಾಗದದ ನಡುವಿನ ಹತ್ತಿರವೇ ಇರುತ್ತೀರಿ. ನೂರು ಗಜದಲ್ಲಿ ಮೂರು ಮೂರು ಗುಂಡಿನ ಗುಂಪು ಹೊಡೆದು, ಗುಂಪಿನ ನಡುವನ್ನು ನೋಡಿ ಸರಿಪಡಿಸಿ. ಒಂದು ಗುಂಡಿನ ಬೆನ್ನು ಹತ್ತಬೇಡಿ. ನಡುನಡುವೆ ನಳಿಗೆ ತಣಿಯಲಿ. 150 ಗ್ರೇನ್ ತೂಕದ .308 ಗುಂಡನ್ನು ನೂರು ಗಜದಲ್ಲಿ 2 ಇಂಚು ಮೇಲೆ ಬೀಳುವಂತೆ ಕೂಡಿಸಿದರೆ 200ರಲ್ಲಿ ನೇರ, 300ರಲ್ಲಿ ಸುಮಾರು 8 ಇಂಚು ಕೆಳಗೆ.

ಇಷ್ಟಾದರೂ ಗುಂಪು ಅಲೆದಾಡಿದರೆ ಸ್ಕೋಪನ್ನು ಹೀಗೆ ಪರೀಕ್ಷಿಸಿ. ಒಂದು ಗುಂಡು ಹೊಡೆದು 20 ಕ್ಲಿಕ್ ಮೇಲೆ, ಮತ್ತೊಂದು ಹೊಡೆದು 20 ಬಲಕ್ಕೆ, ಹಾಗೆಯೇ 20 ಕೆಳಕ್ಕೆ, 20 ಎಡಕ್ಕೆ. ಇಡೀ ಹೊತ್ತು ಗುರಿ ಒಂದೇ ಚುಕ್ಕೆಗೆ. ಐದನೇ ಗುಂಡು ಮೊದಲನೆಯದರ ಪಕ್ಕಕ್ಕೇ ಬರಬೇಕು. ಬಾರದಿದ್ದರೆ ಒಳಗಿನ ಯಂತ್ರ ಸಡಿಲ, ವಾರಂಟಿಗೆ ಕಳಿಸಿ. ಮಸೂರದ ಒಳಗೆ ಮಂಜು ಕಟ್ಟಿದರೂ ಅಷ್ಟೇ. ಒಳಗಿನ ನೈಟ್ರೋಜನ್ ಸೋರಿದೆ ಎಂದರ್ಥ, ಮನೆಯಲ್ಲಿ ಬಿಚ್ಚಬೇಡಿ. ಹೊರಗೆ ಕಟ್ಟುವ ಮಂಜಿಗೆ ಕಾರಣ ನಿಮ್ಮ ಉಸಿರು, ಇಲ್ಲವೇ ಚಳಿಯಿಂದ ಬೆಚ್ಚಗಿನ ಕೋಣೆಗೆ ತಂದದ್ದು.

ಅಮೆರಿಕದಲ್ಲಿರುವ ಮಗ ಊರಿಗೆ ಬರುವಾಗ ಸ್ಕೋಪ್ ತರಬಹುದೇ? ತೋಟಕ್ಕೆ ಹಂದಿ ಕಾಟ, ಬೆಳೆ ರಕ್ಷಣೆಯ ಒಂಟಿನಳಿಗೆ ಕೋವಿ ಇದೆ.
– ಓದುಗರು, ಸಕಲೇಶಪುರ

ಬೇಡ. ರೈಫಲ್ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿದೆ, ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದರೆ ಮಗ ತೊಂದರೆಗೆ ಸಿಕ್ಕಿಬೀಳುತ್ತಾನೆ. ಅದೂ ಅಲ್ಲದೆ ಚರೆ ಹಾರಿಸುವ ನುಣುಪು ನಳಿಗೆಯ ಕೋವಿಗೆ ಸ್ಕೋಪ್‌ನಿಂದ ಪ್ರಯೋಜನ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲೂ ಮುಖ್ಯ ವನ್ಯಜೀವಿ ಪಾಲಕರ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಆದೇಶ ಬೇಕು. ಬೆಳೆ ಹಾನಿಯ ಪರಿಹಾರಕ್ಕೆ ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಿ.

ಊರಿನ ಸ್ಪರ್ಧೆಯಲ್ಲಿ 15 ಮೀಟರ್ ದೂರದ ಗುರಿಗೆ 0.177 ಏರ್‌ಗನ್ ಹೊಡೆಯುತ್ತೇನೆ. ಅಭ್ಯಾಸಕ್ಕೆ ಹಾಕಿದ .22 ರೈಫಲ್‌ನ ಸ್ಕೋಪ್ ಎರಡೇ ತಿಂಗಳಲ್ಲಿ ಕೆಟ್ಟಿತು. ಏರ್‌ಗನ್ನಿನ ಒದೆತ ಅಷ್ಟು ಜೋರೇ?
– ಓದುಗರು, ಮಡಿಕೇರಿ

ಜೋರಲ್ಲ, ಆದರೆ ಎರಡೂ ಕಡೆಗೆ ಒದೆಯುತ್ತದೆ. ಸ್ಪ್ರಿಂಗ್ ಬಿಚ್ಚಿಕೊಂಡಾಗ ಗನ್ ಹಿಂದಕ್ಕೆ ಹೋಗುತ್ತದೆ, ಪಿಸ್ಟನ್ ಮುಂದೆ ಬಡಿದ ಕ್ಷಣ ಮುಂದಕ್ಕೆ ಜಿಗಿಯುತ್ತದೆ. ಸಾಮಾನ್ಯ ರೈಫಲ್ ಸ್ಕೋಪ್‌ನ ಒಳ ಮಸೂರಗಳಿಗೆ ಹಿಂದಕ್ಕೆ ಒದೆಯುವುದನ್ನು ತಡೆಯುವ ಆಸರೆ ಮಾತ್ರ ಇರುತ್ತದೆ. ಸ್ಪ್ರಿಂಗ್ ಏರ್‌ಗನ್‌ಗೆಂದೇ ಮಾಡಿದ್ದು ಅಂತ ಬರೆದಿರುವ ಸ್ಕೋಪ್ ತಗೊಳ್ಳಿ. ಮುಂದಿನ ಮಸೂರದ ಉಂಗುರ ತಿರುಗಿಸಿ 10 ಗಜದಷ್ಟು ಹತ್ತಿರಕ್ಕೂ ಫೋಕಸ್ ಮಾಡುವಂತಿರಲಿ. ಬೇಟೆಯ ಸ್ಕೋಪ್‌ನ ಫೋಕಸ್ ಸಾಮಾನ್ಯವಾಗಿ 100 ಗಜಕ್ಕೆ ಕೂಡಿಸಿದ್ದು, 15 ಮೀಟರ್‌ನಲ್ಲಿ ಚಿತ್ರ ಮಸುಕು, ಕಣ್ಣು ಸ್ವಲ್ಪ ಸರಿದರೂ ಗುರಿ ಸರಿಯುತ್ತದೆ. ಮೌಂಟ್ ಒಂದೇ ತುಂಡಿನದ್ದಾಗಿರಲಿ, ಅದರ ತಡೆಗಡ್ಡಿ ಗನ್ನಿನ ಮೇಲಿನ ತೂತಿಗೆ ಕೂರಬೇಕು, ಇಲ್ಲದಿದ್ದರೆ ಸ್ಕೋಪ್ ಮೌಂಟ್ ಸಮೇತ ಹಿಂದಕ್ಕೆ ತೆವಳುತ್ತದೆ. ನಳಿಗೆ ಮಡಚುವ ಗನ್‌ಗಳಲ್ಲಿ ನಳಿಗೆಯ ತುದಿ ಸ್ವಲ್ಪ ಕೆಳಗೆ ಬಾಗಿರುವುದು ಸಾಮಾನ್ಯ. ಕ್ಲಿಕ್ ಪೂರ್ತಿ ಮೇಲೇರಿಸಿದರೂ ಗುಂಡು ಕೆಳಗೇ ಬೀಳುತ್ತಿದ್ದರೆ ಹಿಂದಿನ ರಿಂಗ್‌ನ ಕೆಳಗೆ ಹಳೆ ಕ್ಯಾಮೆರಾ ಫಿಲಂನ ಒಂದು ತುಂಡು ಇಟ್ಟು ನೋಡಿ. ಗನ್ನನ್ನು ಬಿಗಿಯಾಗಿ ಹಿಡಿಯಬೇಡಿ, ಅಂಗೈ ಮೇಲೆ ಸಡಿಲವಾಗಿ ಕೂರಲಿ, ಪ್ರತಿ ಸಲ ಅದೇ ಜಾಗದಲ್ಲಿ. ಸ್ಪರ್ಧೆಯಲ್ಲಿ ಸ್ಕೋಪ್‌ಗೆ ಅವಕಾಶ ಇದೆಯೇ ಎಂದು ನಡೆಸುವವರನ್ನು ಮೊದಲೇ ಕೇಳಿಕೊಳ್ಳಿ; ಇಲ್ಲವೆಂದರೆ ಅಭ್ಯಾಸವನ್ನೂ ಗನ್ನಿನ ಸ್ವಂತ ಸೈಟ್‌ನಲ್ಲೇ ಮಾಡಿ.