ಅಕ್ಕಿ ಹಾಕಿದರೆ ಬರೀ ಪಾರಿವಾಳ ಬರುತ್ತಿವೆ, ಬೇರೆ ಹಕ್ಕಿಗಳನ್ನು ಕರೆಯುವುದು ಹೇಗೆ?

ಮನೆ ಹಿಂದೆ ಹತ್ತಡಿ ಜಾಗವಿದೆ, ಆರು ತಿಂಗಳಿಂದ ಅಕ್ಕಿ, ನವಣೆ ಹಾಕುತ್ತಿದ್ದೀರಿ, ಫೀಡರನ್ನೂ ತರಿಸಿ ನೇತು ಹಾಕಿದ್ದೀರಿ, ಆದರೆ ಪಾರಿವಾಳ ಬಿಟ್ಟರೆ ಕಾಗೆ ಎಂದು ಬರೆದಿದ್ದೀರಿ. ಓದಿ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. ನಾನೂ ಹೀಗೇ ಶುರು ಮಾಡಿದವಳು. ಮೈಸೂರಿನಲ್ಲಿ ನಮ್ಮದು ಮೂವತ್ತು ನಲವತ್ತರ ಸೈಟು, ಹಿತ್ತಲು ನಿಮ್ಮಷ್ಟೇ. ದಿನಕ್ಕೊಂದು ಪಾವು ನುಚ್ಚು ಸುರಿದು ಎರಡು ತಿಂಗಳಲ್ಲಿ ನಲವತ್ತು ಪಾರಿವಾಳ ಸಾಕಿದ್ದೆ. ಪಕ್ಕದ ಮನೆಯವರ ಸಜ್ಜೆ, ನೀರಿನ ಟ್ಯಾಂಕು ಎಲ್ಲ ಹಿಕ್ಕೆಮಯವಾಗಿ ಜಗಳವೂ ಆಯಿತು. ತಪ್ಪು ನನ್ನದೇ. ಪಾರಿವಾಳದ ಹಿಕ್ಕೆ, ಪುಕ್ಕದ ದೂಳು ಕೆಲವರ ಶ್ವಾಸಕೋಶಕ್ಕೆ ಆಗಿಬರುವುದಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು.

ಒಮ್ಮೆ ಯೋಚಿಸಿ ನೋಡಿ, ನೀವು ಕರೆಯಬೇಕೆಂದಿರುವ ಹಕ್ಕಿಗಳಲ್ಲಿ ಅಕ್ಕಿ ತಿನ್ನುವವು ಎಷ್ಟು? ಸೂರಕ್ಕಿಗೆ ಮಕರಂದ ಬೇಕು. ಪಿಕಳಾರ, ಕುಟ್ರುಹಕ್ಕಿ, ಕೋಗಿಲೆಗೆ ಹಣ್ಣು. ಮಡಿವಾಳ, ಟುವ್ವಿಹಕ್ಕಿ, ಹರಟೆಮಲ್ಲನಿಗೆ ಹುಳಹುಪ್ಪಟೆ. ಕಾಳಿನ ಗಿರಾಕಿಗಳೆಂದರೆ ಹೆಚ್ಚಾಗಿ ಗುಬ್ಬಿ, ರಾಟವಾಳ, ಪಾರಿವಾಳ, ಅದರಲ್ಲಿ ಗೆಲ್ಲುವುದು ಯಾರು ಎಂದು ನಿಮಗೇ ಗೊತ್ತಿದೆ. ಹಾಗಾಗಿ ಫೀಡರ್ ಇಳಿಸಿಬಿಡಿ.

ಅದರ ಬದಲು ನೀರಿಡಿ. ಅಗಲ ಬಾಯಿಯ ಮಣ್ಣಿನ ತಟ್ಟೆ ಸಾಕು, ಹೂಕುಂಡದ ಕೆಳಗಿಡುತ್ತಾರಲ್ಲ, ಅದೇ ಆಗುತ್ತದೆ. ನೀರು ಎರಡು ಬೆರಳು ಆಳಕ್ಕಿಂತ ಹೆಚ್ಚು ಬೇಡ, ನಡುವೆ ಒಂದು ಒರಟು ಕಲ್ಲಿರಲಿ. ಸ್ಟೀಲು, ಪ್ಲಾಸ್ಟಿಕ್ ಪಾತ್ರೆಯಲ್ಲಿ ಕಾಲು ಜಾರುತ್ತದೆ, ಬಿಸಿಲಿಗೆ ಸ್ಟೀಲು ಸುಡುತ್ತದೆ ಕೂಡ. ಗಿಡಗಳ ಹತ್ತಿರವೇ ಇಡಿ, ಆದರೆ ಬೆಕ್ಕು ಅವಿತು ಕೂರುವಷ್ಟು ಹತ್ತಿರ ಬೇಡ. ನಮ್ಮದು ದಾಸವಾಳದಿಂದ ಐದಡಿ ದೂರದಲ್ಲಿ ಕಲ್ಲುಚಪ್ಪಡಿಯ ಮೇಲಿದೆ. ಸೊಳ್ಳೆಯ ಭಯವಿದ್ದರೆ ನೀರು ಚೆಲ್ಲಿದರಷ್ಟೇ ಸಾಲದು, ತಟ್ಟೆಯ ಒಳಬದಿಯನ್ನು ತೆಂಗಿನ ನಾರಿನಲ್ಲಿ ಉಜ್ಜಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಅಂಟಿಸುವುದು ಆ ಬದಿಗೇ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರವಾದರೂ ಬೇಕು, ದಿನಾ ತಿಕ್ಕಿದರೆ ಅದಕ್ಕೆ ಅವಕಾಶವೇ ಇಲ್ಲ. ನಮ್ಮಲ್ಲಿ ತಟ್ಟೆಯಿಟ್ಟ ನಾಲ್ಕನೇ ದಿನ ಕೆಮ್ಮೀಸೆ ಪಿಕಳಾರದ ಜೋಡಿ ಸ್ನಾನಕ್ಕೆ ಬಂತು. ಈಗ ಸಂಜೆ ನಾಲ್ಕರ ಹೊತ್ತಿಗೆ ಸರದಿಯೇ ಇರುತ್ತದೆ. ಮಡಿವಾಳ ಇಳಿದರೆ ಉಳಿದವರು ಕಾಯಬೇಕು, ಅವನ ಹೆಸರೇ ಮಡಿವಾಳ ನೋಡಿ.

ಗಿಡಗಳಿಗೆ ದುಡ್ಡು ಸುರಿಯಬೇಕಾಗಿಲ್ಲ. ಒಂಟಿ ಎಸಳಿನ ದಾಸವಾಳ, ಕೇಪಳ, ರತ್ನಗಂಧಿ ಇದ್ದರೆ ಸೂರಕ್ಕಿ ಬರುತ್ತದೆ. ಸುತ್ತೆಸಳಿನ ದಾಸವಾಳ ದೇವರಿಗೆ ಚೆಂದ, ಹಕ್ಕಿಗೆ ಕೊಕ್ಕು ತೂರಿಸುವುದು ಕಷ್ಟ. ಬಾಳೆಗೊನೆ ಬಿಟ್ಟಾಗ ಮೂತಿಯನ್ನು ಕೂಡಲೇ ಪಲ್ಯಕ್ಕೆ ಕೊಯ್ಯದೆ ಸ್ವಲ್ಪ ದಿನ ಬಿಡಿ. ಕರಿಬೇವಿನ ಕಪ್ಪು ಹಣ್ಣು ಪಿಕಳಾರ, ಕೋಗಿಲೆಗಳಿಗೆ ಹಬ್ಬದೂಟ, ನಿಮ್ಮ ಬೀದಿಯಲ್ಲಿ ಯಾರೂ ನೆಡದೆ ಹುಟ್ಟಿರುವ ಕರಿಬೇವಿನ ಸಸಿಗಳು ಹೆಚ್ಚಾಗಿ ಅವುಗಳದೇ ಕೆಲಸ. ಒಂದೇ ಒಂದು ಮರಕ್ಕೆ ಜಾಗವಿದ್ದರೆ ಗಸಗಸೆ ಹಣ್ಣಿನ ಮರ ಹಾಕಿ. ಬೇಗ ಬೆಳೆಯುತ್ತದೆ, ಹೆಚ್ಚುಕಡಿಮೆ ವರ್ಷವಿಡೀ ಹಣ್ಣು. ರಾತ್ರಿ ಬಾವಲಿಗಳೂ ಬರುತ್ತವೆ, ಮನೆಯಲ್ಲಿ ಅದಕ್ಕೆ ಹೆದರುವವರಿದ್ದರೆ ಮೊದಲೇ ಹೇಳಿಟ್ಟಿರಿ.

ಇನ್ನು ನಿಮಗೆ ಇಷ್ಟವಾಗದ ಮಾತು. ಹಿತ್ತಲನ್ನು ಅಷ್ಟು ಚೊಕ್ಕಟವಾಗಿ ಇಡಬೇಡಿ. ಉದುರಿದ ಎಲೆಯನ್ನು ಒಂದು ಮೂಲೆಗೆ ತಳ್ಳಿ ಅಲ್ಲೇ ಬಿಡಿ. ಹರಟೆಮಲ್ಲಗಳು ಏಳೆಂಟು ಒಟ್ಟಿಗೇ ಬಂದು, ಒಂದೊಂದೇ ಎಲೆಯನ್ನು ಮಗುಚಿ ಎಸೆಯುತ್ತಾ, ಬೈದಾಡಿಕೊಂಡೇ ಹುಳ ಹೆಕ್ಕುವುದನ್ನು ನೋಡಿದ ಮೇಲೆ ನನಗೆ ಪೊರಕೆ ಹಿಡಿಯುವ ಮನಸ್ಸೇ ಬರುವುದಿಲ್ಲ. ಕೀಟನಾಶಕವಂತೂ ಬೇಡವೇ ಬೇಡ. ಮಕರಂದ ಕುಡಿಯುವ ಸೂರಕ್ಕಿಯೂ ಮರಿಗಳಿಗೆ ಉಣಿಸುವುದು ಜೇಡ, ಸಣ್ಣಪುಟ್ಟ ಹುಳಗಳನ್ನೇ. ನಿಂಬೆಗಿಡಕ್ಕೆ ಕಂಬಳಿಹುಳ ಬಂದರೆ ನಾನು ಟುವ್ವಿಹಕ್ಕಿಗೆ ಬಿಟ್ಟಿದ್ದೇನೆ, ಅರ್ಧ ಎಲೆ ಹೋಗುತ್ತದೆ, ಹೋಗಲಿ.

ಜೇಡರ ಬಲೆಯ ವಿಷಯದಲ್ಲಿ ನಮ್ಮತ್ತೆಗೂ ನನಗೂ ಸ್ವಲ್ಪ ಮಾತಾಗಿತ್ತು. ಒಂದು ಬೆಳಿಗ್ಗೆ ಹೆಣ್ಣು ಸೂರಕ್ಕಿ ಕಿಟಕಿಯ ಮೂಲೆಯ ಬಲೆಯನ್ನು ಕೊಕ್ಕಿನಲ್ಲಿ ಸುತ್ತಿಕೊಂಡು ಹೋಗುವುದನ್ನು ಅವರಿಗೇ ತೋರಿಸಿದೆ. ಒಣ ಎಲೆ, ನಾರು, ತೊಗಟೆ ಚೂರುಗಳನ್ನೆಲ್ಲ ಆ ಬಲೆಯಿಂದ ಅಂಟಿಸಿ, ಬಟ್ಟೆ ಒಣಹಾಕುವ ತಂತಿಯಿಂದ ಚೀಲದಂಥ ಗೂಡು ಇಳಿಬಿಟ್ಟಿತು, ಪಕ್ಕದಲ್ಲಿ ಬಾಗಿಲು. ಕಾವಿಗೆ ಎರಡು ವಾರ, ಮರಿ ಹಾರಲು ಮತ್ತೆರಡು ವಾರ. ಅಲ್ಲಿಯವರೆಗೆ ಬಟ್ಟೆ ಎಲ್ಲ ಮಹಡಿ ಮೇಲೆ, ಅದೂ ಅತ್ತೆಯ ಅಪ್ಪಣೆ. ಈಗ ಯುಗಾದಿಗೂ ಒಳಗಿನ ಬಲೆ ಮಾತ್ರ ತೆಗೆಯುತ್ತೇವೆ. ಗೂಡು ಕಂಡರೆ ಫೋಟೋಗೆಂದು ಎಲೆ ಸರಿಸಬೇಡಿ, ಮರೆ ಹೋದರೆ ಕಾಗೆ, ಕೆಂಬೂತಗಳಿಗೆ ದಾರಿ ತೋರಿಸಿದ ಹಾಗೆ.

ದೊಡ್ಡ ಗಾಜಿನ ಕಿಟಕಿಯಿದ್ದರೆ ಹೊರಗಡೆಯಿಂದ ದಾರ ಇಳಿಬಿಡಿ, ಬೆರಳೆರಡು ತೂರುವಷ್ಟು ಅಂತರ. ನಮ್ಮಲ್ಲೊಮ್ಮೆ ಅಕ್ಟೋಬರಿನಲ್ಲಿ ನವರಂಗವೊಂದು ಗಾಜಿಗೆ ಬಡಿದು ಬಿತ್ತು. ಉತ್ತರದಿಂದ ರಾತ್ರಿಯಿಡೀ ಹಾರಿ ಬರುವ ಹಕ್ಕಿ ಅದು. ರಟ್ಟಿನ ಡಬ್ಬಕ್ಕೆ ತೂತು ಮಾಡಿ, ಕತ್ತಲಲ್ಲಿಟ್ಟು, ನೀರು ಅನ್ನ ಏನೂ ತುರುಕದೆ ಎರಡು ಗಂಟೆ ಬಿಟ್ಟು ತೆರೆದೆವು, ಹಾರಿಹೋಯಿತು.

ನೋಡುವುದಕ್ಕೆ ಹತ್ತಡಿಯ ಹಿತ್ತಲಲ್ಲಿ ಬೈನಾಕ್ಯುಲರ್ ಬೇಕಿಲ್ಲ, ಅಷ್ಟು ಹತ್ತಿರಕ್ಕೆ ಬಹಳಷ್ಟು ಫೋಕಸ್ಸೇ ಆಗುವುದಿಲ್ಲ. ಬೆಳಿಗ್ಗೆ ಆರೂವರೆಗೆ ಕಾಫಿ ಹಿಡಿದು ಅಡುಗೆಮನೆ ಕಿಟಕಿಯ ಒಳಗೆ ನಿಲ್ಲಿ, ಮೊದಲು ಕಿವಿಗೇ ಕೆಲಸ ಕೊಡಿ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಮರದ ಮೇಲಿಂದ ‘ಚಿಸ್ವೀ, ಚಿಸ್ವೀ’ ಕೇಳಿದರೆ ಅದು ಹಿಮಾಲಯದ ಕಡೆಯಿಂದ ಬಂದ ಪುಟ್ಟ ಉಲಿಯಕ್ಕಿ, ಏಪ್ರಿಲ್ ತನಕ ಇಲ್ಲೇ ಇರುತ್ತದೆ. ಕಣ್ಣಿಗೆ ಬೀಳಲು ನನಗೆ ಒಂದು ತಿಂಗಳು ಹಿಡಿಯಿತು.

ಕಂಡದ್ದನ್ನು ಬರೆದಿಡಿ, ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕಿದರೆ ಇನ್ನೂ ಒಳ್ಳೆಯದು. ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ, ನಮ್ಮ ದೇಶದಲ್ಲಿ 2013ರಿಂದ ಇದೆ. ಕನಿಷ್ಠ 15 ನಿಮಿಷ ನಿಂತು ಕಂಡಷ್ಟನ್ನೂ ಎಣಿಸಿದರೆ ಆಯಿತು. ಪಾರಿವಾಳವನ್ನೂ ಬರೆಯಬೇಕು, ಸಿಟ್ಟಿಗೆ ಬಿಡುವ ಹಾಗಿಲ್ಲ.